ಸೇತ್ ಚಿಹ್ನೆಯ ಹುಡುಗಿ

“ಹುಡುಗಿ ಹುಟ್ಟಿದ ತಾರೀಕು ಒಂದು ಹೇಳಿಬಿಡ್ರಿ,” ಎಂದ ಬಸವೇಶ್, ಮಂಡಕ್ಕಿ ತಟ್ಟೆಯನ್ನು ಆಚೆ ಸರಿಸುತ್ತ.

ಮತ್ತೋಡಿನ ನಾಗರಾಜಪ್ಪನ ಮನೆಯಲ್ಲಿ ಮಾತೆಲ್ಲ ಆಗಲೇ ಮುಗಿದಿತ್ತು. ಹುಡುಗ ಬಸವೇಶ್ ಭರಮಸಾಗರದವನು, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟವನು. ದೊಡ್ಡ ಮಗಳು ಸಹನಾಳನ್ನು ನೋಡಿ ಒಪ್ಪಿ ಹೋಗಿದ್ದ. ಆಮೇಲೆ ಫೋನಿನಲ್ಲಿ ಇಬ್ಬರದೂ ಮಾತೇ ಮಾತು. ಸಹನಾ ಒಬ್ಬಳೇ ಕೂತು ನಗುವುದನ್ನು ಕಲಿತಿದ್ದಳು. ಇವತ್ತು ಎಲೆ ಅಡಿಕೆ ಬದಲಾಯಿಸುವುದೊಂದೇ ಬಾಕಿ.

ತಂಗಿ ರಮ್ಯಾ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ಅವಳಿಗೆ ಈ ಮನುಷ್ಯ ಮೊದಲ ದಿನವೇ ಹಿಡಿಸಿರಲಿಲ್ಲ. ತಾನು ಆಡಿದ ಮಾತಿಗೆ ತಾನೇ ತಲೆದೂಗುವ ಜಾತಿ. ಅಕ್ಕನಿಗೆ ಹಿಡಿಸಿದ್ದಾನಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದಳು.

ನಾಗರಾಜಪ್ಪ ನಕ್ಕರು. “ನಮ್ದು ಲಿಂಗ ಕಟ್ಟಿಕೊಂಡ ಮನೆ ತಮ್ಮ. ಜಾತಕ ಗೀತಕ ನೋಡಾ ಪದ್ಧತಿ ಇಲ್ಲ.”

“ಜಾತಕ ನಾನೂ ನಂಬಲ್ಲ, ಅದು ಮೂಢನಂಬಿಕೆ. ಇದು ಈಜಿಪ್ಟಿಂದು. ಪಿರಮಿಡ್ ಕಟ್ಟಿದೋರ ಲೆಕ್ಕ, ಹುಟ್ಟಿದ ದಿನಕ್ಕೊಂದು ದೇವರು. ಮಾತಾಜಿ ಅಂತ ಒಬ್ರು ಮೊಬೈಲಿನಾಗೆ ಬರೀತಾರೆ. ಸೈನ್ಸು.”

ರಮ್ಯಾಳಿಗೆ ನಗು ಗಂಟಲವರೆಗೆ ಬಂತು. ಹಿರಿಯೂರು ದಾಟಿ ಬಂದರೆ ವಾರವೆಲ್ಲ ಹೇಳಿಕೊಂಡು ತಿರುಗುವವನಿಗೆ ಈಜಿಪ್ಟಂತೆ!

“ಜೂನ್ ಒಂದು,” ಎಂದಳು ಸಹನಾ, ತಗ್ಗಿಸಿದ ತಲೆ ಎತ್ತದೆ.

ಬಸವೇಶನ ಬೆರಳು ಮೊಬೈಲಿನ ಮೇಲೆ ಓಡಿತು, ನಿಂತಿತು. ಪಕ್ಕದಲ್ಲಿದ್ದ ತನ್ನ ಸೋದರಮಾವ ಪಾಲಣ್ಣನತ್ತ ಅದನ್ನು ತಿರುಗಿಸಿದ. ಕತ್ತೆಯೂ ಅಲ್ಲದ, ನರಿಯೂ ಅಲ್ಲದ ಮೂತಿಯ ದೇವರೊಂದು ಕೋಲು ಹಿಡಿದು ನಿಂತಿತ್ತು.

“ಸೇತ್. ಒಡಹುಟ್ಟಿದ ಅಣ್ಣನ್ನೇ ಕೊಂದ ದೇವರು,” ಎಂದ ಬಸವೇಶ್.

ಪಾಲಣ್ಣ ಎಲೆ ಅಡಿಕೆಯ ತಟ್ಟೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡ.

“ಅಯ್ಯೋ, ಅದು ಮೇಷ್ಟ್ರು ಬರ್ಕಂಡ ತಾರೀಕು ಕಣಪ್ಪ,” ಎಂದರು ನಾಗರಾಜಪ್ಪ. “ಶಾಲಿಗೆ ಸೇರ್ಸಾಕೆ ಹೋದಾಗ ನಮಗೆ ನೆಪ್ಪಿರ್ಲಿಲ್ಲ, ಜೂನ್ ಒಂದು ಅಂತ ಹಾಕ್ಕಂಡ್ರು. ನಂದೂ ಅದೇ, ಇವರವ್ವಂದೂ ಅದೇ. ಮತ್ತೋಡಿನಾಗೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟೈತೆ. ಈಕೆ ಹುಟ್ಟಿದ್ದು ದೀಪಾವಳಿ ಹತ್ರ.”

“ಹಂಗಾದ್ರೆ ಅಕ್ಟೋಬರ್ ಕೊನೆ. ಐಸಿಸ್ ದೇವತೆ ಆಗ್ತೈತೆ,” ಎಂದುಬಿಟ್ಟಳು ರಮ್ಯಾ. “ಐಸಿಸ್ ಹೆಣ್ಣು ಮನೆ ಬೆಳಗ್ತಾಳೆ.”

ಬಸವೇಶ್ ಹುಬ್ಬೇರಿಸಿದ. “ನೀವೂ ಮಾತಾಜೀನ ಓದ್ತೀರಾ?”

“ಕಣ್ಣಿಗೆ ಬಿದ್ದಿತ್ತು.”

“ಹಂಗಾರೆ ಇದೂ ಗೊತ್ತಿರ್ಬೇಕು.” ಅವನು ನೆಟ್ಟಗೆ ಕೂತು, ಮಠದಲ್ಲಿ ವಚನ ಓದುವವನಂತೆ ಓದಿದ: “‘ಶಾಲೆಯಲ್ಲಿ ಯಾವ ದಿನ ಬರೆಸಿದ್ದೀಯೋ, ಆ ದಿನದ ದೇವರೇ ನಿನ್ನನ್ನು ಆಳುತ್ತಾನೆ. ಸೇತ್ ಹೆಣ್ಣು ಹೊಸಿಲು ದಾಟಿದ ಮನೆ, ಮರಳು ನುಗ್ಗಿದ ಹೊಲ.’ ಮಾತಾಜಿ ಬರ್ದವ್ರೆ.”

ರಮ್ಯಾ ಕಾಫಿ ತಟ್ಟೆಯನ್ನು ಅಲ್ಲೇ ಕೆಳಗಿಟ್ಟಳು.

“ಯಾವಳೋ ಹೊಟ್ಟೆಪಾಡಿಗೆ ಬರ್ದಿದ್ದು ಅದು. ಅದನ್ನ ನಂಬ್ಕಂಡು ಒಂದು ಹೆಣ್ಣನ್ನ ಬಿಟ್ಟು ಹೋಗ್ತೀರಾ?”

“ಹಗುರಾಗಿ ಮಾತಾಡಬ್ಯಾಡ್ರಿ. ಸಾವಿರಾರು ಜನ ನಂಬವ್ರೆ.”

“ಕುರಿಗಳು ನಂಬವೆ. ನಿಮ್ಮ ಮಾತಾಜಿ ಪಿರಮಿಡ್ ಹಂಗಿರ್ಲಿ, ದುರ್ಗದ ಕೋಟೆನೇ ನೆಟ್ಟಗೆ ಹತ್ತಿಲ್ಲ!”

“ಲೇ ರಮ್ಯಾ, ಒಳಕ್ಕೋಗು,” ಎಂದು ಗದರಿದರು ನಾಗರಾಜಪ್ಪ. ಆದರೆ ಹೊತ್ತು ಮೀರಿತ್ತು. ಪಾಲಣ್ಣ ಹೆಗಲ ಮೇಲಿನ ವಲ್ಲಿ ಕೊಡವಿ ಎದ್ದಿದ್ದ. “ಹೋಗಾಣ ನಡಿ.”

ಸಹನಾ ಆಗ ತಲೆ ಎತ್ತಿದಳು. “ಏನ್ರಿ, ನಿನ್ನೆ ಫೋನಿನಾಗೆ ಮಾತಾಡಿದೋಳೇ ಅಲ್ವೇನ್ರಿ ನಾನು?”

ಬಸವೇಶ್ ಅವಳ ಮುಖ ನೋಡಲಿಲ್ಲ. “ನಿಮ್ದೇನೂ ತಪ್ಪಿಲ್ಲ. ನಿಮ್ಮ ದಿನದ ದೇವರು ಹಂಗವ್ನೆ.” ಚಪ್ಪಲಿ ಮೆಟ್ಟಿ ನಡೆದ. ಕಾರು ಹೊಸದುರ್ಗದ ರಸ್ತೆಗೆ ತಿರುಗುವವರೆಗೂ ನಾಗರಾಜಪ್ಪ ಅಂಗಳದಲ್ಲೇ ನಿಂತಿದ್ದರು. ಅಮ್ಮ ಚಂದ್ರಕ್ಕ ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಯಾರೂ ತಿನ್ನದ ಹೋಳಿಗೆ ತಣ್ಣಗಾಗುತ್ತಿತ್ತು.

ಒಳಕೋಣೆಯಲ್ಲಿ ಸಹನಾ ಮುಡಿದ ಮಲ್ಲಿಗೆಯನ್ನು ಕೀಳದೆ ಹಾಗೇ ಗೋಡೆಗೊರಗಿದ್ದಳು. ರಮ್ಯಾ ಎದುರಿಗೆ ಕೂತಳು. ಅವಳು ಹಗಲೆಲ್ಲ ಕೂರುವ ಜಾಗ ಅದು. ಬೆಂಗಳೂರಿನ ಯಾವುದೋ ಕಂಪನಿಗೆ ಮನೆಯಿಂದಲೇ ಕನ್ನಡ ಟೈಪಿಂಗ್ ಮಾಡಿಕೊಡುತ್ತಾಳೆ ಎಂದಷ್ಟೇ ಮನೆಯವರಿಗೆ ಗೊತ್ತು.

“ಒಳ್ಳೇದೇ ಆತು ಬಿಡು,” ಎಂದಳು ರಮ್ಯಾ. “ಅವನ ತಲಿಯಾಗೆ ಸಗಣಿ ಐತೆ. ಯಾರು ಏನು ಹೇಳಿದ್ರೂ ನಂಬ್ತಾನೆ.”

“ನಂಗೆ ಅವರ ಮ್ಯಾಲೆ ಸಿಟ್ಟಿಲ್ಲ ಕಣೇ. ಆ ಮಾತಾಜಿ ಯಾವಳೋ, ಅವಳ ಮನೆ ಹಾಳಾಗ.”

ರಮ್ಯಾ ಕೈಯಲ್ಲಿದ್ದ ಮೊಬೈಲನ್ನು ನೆಲದ ಮೇಲೆ ಕವುಚಿಟ್ಟಳು.

“ಈಗ್ಲೂ ಅವರು ವಾಪಸ್ ಬಂದ್ರೆ ಹೂಂ ಅಂತೀನಿ,” ಎಂದಳು ಸಹನಾ.

“ನಾಚಿಕೆ ಆಗಲ್ವಾ ನಿಂಗೆ?”

“ಆಗ್ತೈತೆ. ಆದ್ರೂ ಅಂತೀನಿ.”

ಭರಮಸಾಗರದ ದಾರಿಯಲ್ಲಿ ಬಸವೇಶನಿಗೂ ಜೀವ ತಡೆಯಲಿಲ್ಲ. ಕಾರು ನಿಲ್ಲಿಸಿ ಮಾತಾಜಿಗೆ ಬರೆದ: ‘ತಾಯಿ, ನಿಮ್ಮ ಮಾತಿನಂತೆ ಇವತ್ತು ಮತ್ತೋಡಿನ ಸೇತ್ ಹೆಣ್ಣನ್ನು ಬಿಟ್ಟು ಬಂದೆ. ಮನಸ್ಸು ಕೇಳುತ್ತಿಲ್ಲ. ನೀವು ಹೂಂ ಅಂದರೆ ಈಗಲೇ ಗಾಡಿ ತಿರುಗಿಸುತ್ತೇನೆ.’

ಅಕ್ಕನಿಗೆ ಕಾಣದಂತೆ ಮೊಬೈಲು ಓರೆ ಮಾಡಿಕೊಂಡು ರಮ್ಯಾ ಅದನ್ನು ಓದಿ ಉತ್ತರ ಟೈಪಿಸಿದಳು: ‘ತಿರುಗಿ ನೋಡಬೇಡ ಮಗನೇ.’