ಮಂಚದ ಕೆಳಗಿನ ಪೀಪಾಯಿ

"ಬಾಗಿಲು ತೆಗಿ! ರಾಜರ ಹುಕುಂ!"

ಸುಂಕದ ಅಧಿಕಾರಿ ಟ್ರಸ್ಕಟ್ ಗುದ್ದಿದ ಹೊಡೆತಕ್ಕೆ ಬಾಸ್ಟನ್ ಬಂದರಿನ ಹಡಗುಗಳೆಲ್ಲ ಒಮ್ಮೆ ತೊನೆದಾಡಿದವು. ಹೆಂಡದಂಗಡಿಯ ಒಡತಿ, ವಿಧವೆ ಮೆಹಿಟಬೆಲ್, ಬೀನ್ಸ್ ಕಾಳಿನ ಮಡಕೆಯನ್ನು ಒಲೆಯ ಪಕ್ಕಕ್ಕೆ ದಬ್ಬಿ ಓಡಿಬಂದಳು. ಆಕೆ ಬಾಯಿ ತೆರೆದರೆ ಸಮುದ್ರದ ಮೊರೆತವೇ ಕೇಳಿಸುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಸುಂಕ ಕಟ್ಟದೆ ಕದ್ದು ತರಿಸಿದ ಕಾಕಂಬಿಯ, ಆ ಕಪ್ಪು ಸಿಹಿ ಪಾಕದ, ಪೀಪಾಯಿ ಮೇಲಿನ ಮಾಳಿಗೆಯಲ್ಲಿತ್ತು. ಸಿಕ್ಕಿತೋ, ಅಂಗಡಿಯೂ ಹೋಯಿತು, ಸೂರೂ ಹೋಯಿತು.

"ಏನು ಹುಡುಕ್ತೀರಿ, ಯಾರ ಮನೇಲಿ ಹುಡುಕ್ತೀರಿ ಅಂತ ಆ ಹುಕುಂ ಕಾಗದದಲ್ಲಿ ಬರೆದಿದೆಯಾ?"

"ಏನೂ ಬರೆದಿಲ್ಲ. ಅದಕ್ಕೇ ಯಾರ ಮನೇಲಾದ್ರೂ ಏನಾದ್ರೂ ಹುಡುಕಬಹುದು," ಎಂದು ಟ್ರಸ್ಕಟ್ ಹಲ್ಲು ಕಿರಿದ.

ಅವನು ನೆಲಮಾಳಿಗೆ ಜಾಲಾಡಿದ, ಹಿಟ್ಟಿನ ಡಬ್ಬಕ್ಕೆ ಭುಜದವರೆಗೆ ಕೈ ಹಾಕಿದ, ಕೊನೆಗೆ ಬೀನ್ಸ್ ಮಡಕೆಗೂ ಕೋಲು ಇಳಿಸಿದ.

"ಫ್ರೆಂಚರ ಹಡಗೇನಾದ್ರೂ ಸಿಕ್ತಾ ಸ್ವಾಮಿ?" ಎಂದು ಮೆಹಿಟಬೆಲ್ ಚುಚ್ಚಿದಳು.

ಟ್ರಸ್ಕಟ್ ಕೋಲಿನ ತುದಿ ನೆಕ್ಕಿದ. "ಹಡಗು ಸಿಗಲಿಲ್ಲ. ಸಿಹಿ ಮಾತ್ರ ಭಾರಿ ಜೋರಾಗಿದೆ!" ಎಂದವನೇ ಮೆಟ್ಟಿಲು ಹತ್ತತೊಡಗಿದ.

ಮೆಹಿಟಬೆಲ್ ಏಪ್ರನ್ನಿನ ಅಂಚನ್ನು ಹಿಂಡಿ ಹಿಂಡಿ ಹಗ್ಗ ಮಾಡಿದಳು. ಮೇಲಿನ ಕೋಣೆಯಲ್ಲಿದ್ದದ್ದು ರಾಜನ ಸಿಪಾಯಿ, ಕಾರ್ಪೊರಲ್ ಡ್ಯಾಗೆಟ್. ಹೆಂಡದಂಗಡಿಯವರು ಸಿಪಾಯಿಗಳಿಗೆ ಜಾಗ ಕೊಡಲೇಬೇಕೆಂಬ ಕಾನೂನು ಅವಳ ತಲೆಗೆ ಕಟ್ಟಿದ ಪೀಡೆ. ಅವನ ಗೊರಕೆಗೆ ಮೂರು ಬೀದಿಯಾಚೆಯ ಪ್ರಾರ್ಥನಾಮಂದಿರದ ಗಂಟೆ ತಾನಾಗಿ ಮೊಳಗುತ್ತಿತ್ತು. ಊರ ಹಿರಿಯರ ಮನೆಗಳ ಹೊಸ್ತಿಲು ಸವೆಸಿ, ಬರುವ ಸೋಮವಾರ ಅವನನ್ನು ಬೇರೆಡೆ ಸಾಗಿಸಲು ಆಕೆ ಅವರನ್ನು ಒಪ್ಪಿಸಿದ್ದಳು. ಇಂದು ಬೆಳಿಗ್ಗೆ ಅವನು ಕವಾಯತಿಗೆ ಹೋದಾಗ, ರಾಜನ ಸಿಪಾಯಿಯ ಮಂಚದಡಿ ಇಣುಕುವ ಗಂಡಸು ಇನ್ನೂ ಹುಟ್ಟಿಲ್ಲವೆಂದುಕೊಂಡು ಪೀಪಾಯಿಯನ್ನು ಅಲ್ಲೇ ಉರುಳಿಸಿದ್ದಳು. ದರಿದ್ರದವನು ಎಂದಿಗಿಂತ ಬೇಗ ಮರಳಿದ್ದ.

ಕೋಣೆಯ ಬಾಗಿಲಲ್ಲಿ ಡ್ಯಾಗೆಟ್ ಅರ್ಧ ಗಡ್ಡ ಬೋಳಿಸಿಕೊಂಡು ಗೋಡೆಯಂತೆ ನಿಂತಿದ್ದ.

"ಎಲ್ಲಿಗಯ್ಯಾ?"

"ಪಕ್ಕಕ್ಕೆ ಸರಿ. ರಾಜರ ಕಾಗದ ಇದೆ."

"ರಾಜರ ಕತ್ತಿ ಇಲ್ಲಿದೆ. ರಾಜರೇ ಕೊಡಿಸಿದ ಕೋಣೆ ಇದು. ರಾಜರ ಕೋಣೇಲಿ ಕಳ್ಳಮಾಲು ಅಂತೀಯಾ? ನಮ್ಮ ಕರ್ನಲ್ ಹತ್ರ ಬಂದು ಹೇಳ್ತೀಯೇನು? ನಡಿ, ಈಗ್ಲೇ ಹೋಗೋಣ!"

ಟ್ರಸ್ಕಟ್ ಮೆಟ್ಟಿಲಿಳಿದ ವೇಗಕ್ಕೆ ಅವನ ಟೋಪಿ ಅವನಿಗಿಂತ ಒಂದು ಗಳಿಗೆ ತಡವಾಗಿ ಕೆಳಗೆ ತಲುಪಿತು.

ಮೆಹಿಟಬೆಲ್ ಬಿಟ್ಟ ನಿಟ್ಟುಸಿರಿಗೆ ಒಲೆಯ ಬೂದಿ ಹಾರಿತು. ಅಷ್ಟರಲ್ಲಿ ಡ್ಯಾಗೆಟ್ ಇಳಿದುಬಂದ. ಅವನ ಕೆಂಪು ಅಂಗಿಯ ತೋಳಿಗೆ ಕಪ್ಪಗೆ, ಅಂಟಂಟಾಗಿ ಏನೋ ಮೆತ್ತಿತ್ತು. ಅವನು ಅದನ್ನು ನಿಧಾನವಾಗಿ ನೆಕ್ಕಿದ.

"ಸೋಮವಾರ ನನ್ನ ಎಲ್ಲಿಗೋ ಸಾಗಿಸ್ತಾರಂತೆ? ಬೇಡ ಅಂತ ಹೇಳಿಬಿಡಿ ಅಮ್ಮಾ. ಮಂಚ ಎತ್ತುವಾಗ ನಾಲ್ಕು ಜನ ಬರ್ತಾರೆ, ಕೆಳಗಿರೋದು ಕಣ್ಣಿಗೆ ಬಿದ್ರೆ ಚೆನ್ನಾಗಿರಲ್ಲ."

ಒಲೆಯ ಪಕ್ಕದಲ್ಲಿ ಅವಳ ಗಂಡನ ಕುರ್ಚಿಯಿತ್ತು. ಅವನು ಸತ್ತ ಮೇಲೆ ಬೆಕ್ಕು ಕೂಡ ಅದನ್ನು ಹತ್ತಿರಲಿಲ್ಲ. ಡ್ಯಾಗೆಟ್ ಅದರಲ್ಲಿ ಕೂತು, ಕಾಲು ಚಾಚಿ, ಬೂಟು ಕಳಚಲೆಂದು ಅವಳತ್ತ ಒಡ್ಡಿದ.

ಮೆಹಿಟಬೆಲ್ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಬಗ್ಗಿದಳು.

ಎಷ್ಟೋ ವರ್ಷಗಳ ಮೇಲೆ ಬಂದರಿನವರಿಗೆ ಸಮುದ್ರದ ಸದ್ದು ಕೇಳಿಸಿತು.