ಒಳಕ್ಕೆ ತೆರೆಯುವ ಬಾಗಿಲು

ಬಾಗಿಲು ಅರ್ಧ ಮುಚ್ಚಿ, ಗಾಲಿಕುರ್ಚಿಯ ಮುಂಭಾಗಕ್ಕೆ ಬಡಿದು ನಿಂತಿತು. ಅವನು ಹಿಂದೆ ಸರಿಯಲು ನೋಡಿದ. ಚಕ್ರ ಬೇಸಿನ್ನಿನ ಕೆಳಗೆ ಸಿಕ್ಕಿಕೊಂಡಿತು. ಈಗ ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.

ಬಸ್ ನಿಲ್ದಾಣದ ಈ ಹೊಸ ಶೌಚಾಲಯ ಅಂಗವಿಕಲರಿಗೆಂದೇ ಕಟ್ಟಿದ್ದು. ನಾಳೆ ಉದ್ಘಾಟನೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆದ ಗಾಲಿಕುರ್ಚಿಗೆ ಮಾತ್ರ ಇಲ್ಲಿ ಜಾಗ ಧಾರಾಳವಾಗಿತ್ತು.

ಹೊಟ್ಟೆಯ ಕೆಳಗೆ ಒತ್ತಡ ಏರುತ್ತಿತ್ತು. ಕಮೋಡ್ ಪಕ್ಕದಲ್ಲೇ ಇತ್ತು. ಆಸರೆಗೆ ಹಿಡಿಯುವ ಸರಳು ಆಚೆ ಗೋಡೆಯಲ್ಲಿ. ಸಹಾಯಕ್ಕೆ ಒತ್ತುವ ಗಂಟೆಯೋ, ಎತ್ತರದ ಆಳು ನಿಂತು ಕೈ ಚಾಚಿದರೆ ಸಿಗುವಲ್ಲಿ. ಇದರ ನಕ್ಷೆ ಬರೆದ ಕತ್ತೆ ಯಾವುದು ಎಂದು ಅವನ ಮನಸ್ಸು ಬೈಯಿತು. ಬೈದು ತಕ್ಷಣ ಸುಮ್ಮನಾಯಿತು.

ಯಾರೂ ಕೈಹಾಕುವುದು ಬೇಡ, ಕುರ್ಚಿಯಲ್ಲೇ ಹೋಗಿ ಕುರ್ಚಿಯಲ್ಲೇ ಬರುತ್ತೇನೆ ಎಂದು ಅಕ್ಕನ ಜೊತೆ ಪಂತ ಕಟ್ಟಿದ್ದ. ಅಕ್ಕ ಎದುರಿನ ಬೆಂಚಿನ ಮೇಲೆ ಕೂತು, ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ತಮ್ಮನ ಪಾಡು ಕಾಣುತ್ತಿದ್ದರೂ ಜಾಗ ಬಿಟ್ಟು ಅಲ್ಲಾಡಿರಲಿಲ್ಲ.

ದಾರಿಹೋಕನೊಬ್ಬ ಸಂದಿಯಲ್ಲಿ ಇಣುಕಿದ. ಕುರ್ಚಿಯಲ್ಲಿದ್ದವನನ್ನು ಬಿಟ್ಟು ಅಕ್ಕನನ್ನು ವಿಚಾರಿಸಿದ.

“ಪಾಪ, ಇವರು ಹುಟ್ಟಿದಾಗಿನಿಂದ ಹೀಗೇನಾ?”

“ಹೂಂ, ನನ್ನ ತಮ್ಮ ಮೊದಲಿಂದಲೂ ಹೀಗೇ. ನಾವೇ ಹೊಂದ್ಕೊಂಡು ಹೋಗ್ತಿದ್ದೀವಿ.”

ದಾರಿಹೋಕ ಲೊಚಗುಟ್ಟಿ, ಎತ್ತಿ ಕೂರಿಸಬೇಕೇ ಎಂದು ಕೇಳಿದ. ಮೀಸೆ ಹೊತ್ತ ಗಂಡಸನ್ನು ಮೂಟೆಯಂತೆ ಎತ್ತುವ ಮಾತು! ಅವನ ಕಿವಿ ಕೆಂಪಾಯಿತು. ಬೇಡವೆಂದು ಸಾಗಹಾಕಿದ. ಅಷ್ಟರಲ್ಲಿ ಇನ್ನಿಬ್ಬರು ಬಂದು ನಿಂತರು. ಒಬ್ಬರಿಗೂ ಕಾಣದಂತೆ ಮುಗಿಯಬೇಕಾದ ಕೆಲಸ ಊರಿನ ಪಂಚಾಯ್ತಿಯಾಗಿತ್ತು. ಇದನ್ನು ದಿನಾ ಅನುಭವಿಸುವವರು ಮನೆಯಿಂದ ಹೊರಡುವ ಮುಂಚೆ ನೀರನ್ನೇ ಏಕೆ ಕುಡಿಯುವುದಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಒತ್ತಡ ಕಡಿಮೆಯಾಗಲಿಲ್ಲ.

ಕೊನೆಗೆ ಪಂತಕ್ಕಿಂತ ಪ್ಯಾಂಟು ಮುಖ್ಯವೆನಿಸಿತು.

“ಅಕ್ಕಾ, ನಾನು ಸೋತೆ. ಬಂದು ಈ ಕುರ್ಚಿ ಸ್ವಲ್ಪ ಎಳಿಯೇ.”

ಅಕ್ಕ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದಳು.

“ಹೇಗೋ ಬರ್ಲಿ? ನನ್ನ ಕುರ್ಚಿ ಮೇಲೆ ನೀನು ಕೂತಿದ್ದೀಯಲ್ಲ.”

ಆ ಶೌಚಾಲಯದ ನಕ್ಷೆ ಬರೆದ ಇಂಜಿನಿಯರ್ ದಡಕ್ಕನೆ ಎದ್ದು, ಬಾಗಿಲ ಸಂದಿಯಿಂದ ನುಸುಳಿ, ಪಕ್ಕದ ಗಂಡಸರ ಶೌಚಾಲಯಕ್ಕೆ ಓಡಿದ. ಉದ್ಘಾಟನೆ ನಿಲ್ಲಿಸಲು ಫೋನ್ ಮಾಡಿದ್ದು ಆಮೇಲೆ.