ಕಿಟಕಿ ಅಜ್ಜಿಯ ಸೂಪು

“ಸೂಪು ಮಾಡಿದವರನ್ನೇ ಕರೀರಿ ಅಂತಿದ್ದಾರೆ ಕಿಟಕಿ ಅಜ್ಜಿ,” ಎಂದು ಮ್ಯಾನೇಜರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದಾಗ ಅಣ್ಣನ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು. ಪಕ್ಕದ ಒಲೆಯಲ್ಲಿ ಮೀನು ಹುರಿಯುತ್ತಿದ್ದ ತಮ್ಮ ಅಣ್ಣನ ಕಡೆ ತಿರುಗಿದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ಆ ಹಳೇ ಹೋಟೆಲಿನ ‘ಬ್ರಾಸರಿ’ ಎಂಬ ಫ್ರೆಂಚ್ ಊಟದ ಮನೆಯಲ್ಲಿ ಅಡುಗೆಯವನನ್ನು ಮೇಜಿನ ಬಳಿಗೆ ಕರೆಸುವುದು ಹೊಗಳಲಿಕ್ಕೆ, ಇಲ್ಲವೇ ಉಗಿಯಲಿಕ್ಕೆ. ನಡುವಿನ ಮಾತುಗಳಿಗೆಲ್ಲ ಮ್ಯಾನೇಜರೇ ಸಾಕು.

ಚಳಿಗಾಲದ ಜ್ವರದಲ್ಲಿ ಅಣ್ಣನ ಮೂಗು, ನಾಲಿಗೆ ಎರಡೂ ಹೋಗಿದ್ದವು. ಜ್ವರ ಬಿಟ್ಟಿತು, ಅವು ಮಾತ್ರ ವಾಪಸು ಬರಲಿಲ್ಲ. ಉಪ್ಪು ಯಾವುದು, ಮರಳು ಯಾವುದು ತಿಳಿಯದ ಅಡುಗೆಯವನನ್ನು ಯಾವ ಹೋಟೆಲಿನವರು ಇಟ್ಟುಕೊಂಡಾರು? ಅತ್ತಿಗೆಗೂ ಹೇಳದೆ ಅಣ್ಣತಮ್ಮ ಸೇರಿ ಒಂದು ಉಪಾಯ ಮಾಡಿಕೊಂಡಿದ್ದರು. ಅಣ್ಣ ಎಂದಿನಂತೆ ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ದೊಡ್ಡ ಪಂಡಿತನ ಹಾಗೆ ತಲೆದೂಗಬೇಕು. ‘ನೀನೂ ನೋಡೋ’ ಎಂದು ತಮ್ಮನಿಗೊಂದು ಚಮಚ ದಾಟಿಸಬೇಕು. ತಮ್ಮ ಒಂದು ಸಲ ಕೆಮ್ಮಿದರೆ ಸಾಕು ಎಂದರ್ಥ, ಎರಡು ಸಲ ಕೆಮ್ಮಿದರೆ ಇನ್ನೂ ಬೇಕು. ‘ನಿಮ್ಮ ತಮ್ಮನ ಎದೆ ಯಾರಿಗಾದ್ರೂ ತೋರಿಸಿ’ ಎಂದು ಪಾತ್ರೆ ತೊಳೆಯುವವಳು ಕನಿಕರಪಟ್ಟಿದ್ದಳು.

ಉಪ್ಪಿನ ವಿಷಯ ಹೀಗೆ ಕೆಮ್ಮಿನಲ್ಲೇ ಮುಗಿಯುತ್ತಿತ್ತು. ಸೂಪಿನ ಈರುಳ್ಳಿ ಅಷ್ಟು ಸುಲಭದ್ದಲ್ಲ. ತೆಳ್ಳಗೆ ಹೆಚ್ಚಿದ್ದನ್ನು ಬೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸುತ್ತ ಹೋದರೆ ಸಿಹಿ ಏರುತ್ತದೆ, ಬಣ್ಣ ಕಂದಾಗುತ್ತದೆ. ಮೊದಲೆಲ್ಲ ಇನ್ನೇನು ಕಹಿಗೆ ತಿರುಗಬೇಕು ಅನ್ನುವಾಗ ಅಣ್ಣ ಇಳಿಸುತ್ತಿದ್ದ. ಅಡುಗೆಮನೆಯ ಹಳದಿ ದೀಪದ ಕೆಳಗೆ ಬಣ್ಣ ನಂಬುವ ಹಾಗಿರಲಿಲ್ಲ, ವಾಸನೆ ಹಿಡಿದೇ ತಿಳಿಯಬೇಕು. ತಮ್ಮನಿಗೆ ಆ ಎದೆಗಾರಿಕೆ ಇಲ್ಲ. ಒಂದು ಪಾತ್ರೆ ಹೊತ್ತಿದರೂ ಗುಟ್ಟು ರಟ್ಟಾಗಿ ಅಣ್ಣನ ಕೆಲಸ ಹೋಗುತ್ತದೆ. ಹಾಗಾಗಿ ಸಿಹಿ ವಾಸನೆ ಬಂದದ್ದೇ ತಡ, ತಮ್ಮ ಕೆಮ್ಮಿಬಿಡುತ್ತಿದ್ದ, ಅಣ್ಣ ಪಾತ್ರೆ ಇಳಿಸಿಬಿಡುತ್ತಿದ್ದ. ಬಟ್ಟಲುಗಳು ಖಾಲಿಯಾಗಿಯೇ ವಾಪಸು ಬರುತ್ತಿದ್ದವು. ಇವತ್ತಿನವರೆಗೆ ಯಾರೂ ಚಕಾರ ಎತ್ತಿರಲಿಲ್ಲ.

ಅಣ್ಣ ಕೈ ಒರೆಸಿಕೊಂಡು ಹೊರಟ. ತಮ್ಮ ಬ್ರೆಡ್ಡಿನ ಬುಟ್ಟಿ ಎತ್ತಿಕೊಂಡು ಹಿಂದೆಯೇ ನಡೆದ. ಬ್ರೆಡ್ಡು ಬಡಿಸುವುದು ಅವನ ಕೆಲಸವಲ್ಲ, ಆದರೆ ಕೆಮ್ಮಬೇಕಾದರೆ ಹತ್ತಿರವಿರಬೇಕಲ್ಲ. ಎತ್ತರದ ಚಾವಣಿ, ಅಂಚಿನಲ್ಲಿ ಕಪ್ಪಿಟ್ಟ ದೊಡ್ಡ ಕನ್ನಡಿಗಳು, ಬಿಳಿ ಬಟ್ಟೆ ಹಾಸಿದ ಮೇಜುಗಳು. ಕೊನೆಯ ಕಿಟಕಿಯ ಪಕ್ಕ, ಪ್ರತಿ ಭಾನುವಾರ ಮಧ್ಯಾಹ್ನ ಒಬ್ಬರೇ ಬಂದು ಈರುಳ್ಳಿ ಸೂಪು ಬಿಟ್ಟು ಬೇರೇನೂ ಮುಟ್ಟದ ಅಜ್ಜಿ ಕೂತಿದ್ದರು. ಬಟ್ಟಲಿನಲ್ಲಿ ಸೂಪು ಅರ್ಧ ಹಾಗೇ ಉಳಿದಿತ್ತು.

“ಒಂದು ಚಮಚ ತಿಂದು ನೋಡಿ,” ಎಂದರು ಅಜ್ಜಿ. “ಇದು ನಿಮ್ಮ ಸೂಪೇನಾ?”

ಅಣ್ಣ ಚಮಚ ಬಾಯಿಗಿಟ್ಟ. ಬಿಸಿ ಬಿಟ್ಟು ಅವನಿಗೆ ಬೇರೇನೂ ತಿಳಿದಿರಲಾರದೆಂದು ತಮ್ಮನಿಗೆ ಗೊತ್ತು.

“ನನಗೆ ಬರೀ ಸಿಹಿ ಬರ್ತಿದೆ,” ಅಜ್ಜಿ ಧ್ವನಿ ತಗ್ಗಿಸಿದರು. “ಮೊದಲೆಲ್ಲ ನುಂಗಿದ ಮೇಲೆ ಒಂಚೂರು ಕಹಿ ಉಳೀತಿತ್ತು. ಅದಕ್ಕೋಸ್ಕರಾನೇ ಇಲ್ಲಿಗೆ ಬರ್ತಿದ್ದೆ. ಈಚೆಗೆ ಸಿಗ್ತಾ ಇಲ್ಲ. ಸೂಪು ಬದಲಾಯ್ತೋ, ನನ್ನ ನಾಲಿಗೆಯೇ ಹೋಯ್ತೋ? ಈ ವಯಸ್ಸಲ್ಲಿ ಒಂದೊಂದೇ ಹೋಗೋದು ಇದ್ದದ್ದೇ, ಆದ್ರೂ ಹೆದರಿಕೆ ಆಗುತ್ತೆ. ನಿಜ ಹೇಳಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.”

ಮ್ಯಾನೇಜರು ಕೈಕಟ್ಟಿಕೊಂಡು ಅಣ್ಣನ ಮುಖವನ್ನೇ ನೋಡುತ್ತಿದ್ದರು. ಅಣ್ಣ ಒಮ್ಮೆ ಹಿಂತಿರುಗಿ ತಮ್ಮನನ್ನು ನೋಡಿದ. ಇದಕ್ಕೆ ಒಂದು ಕೆಮ್ಮೋ, ಎರಡೋ? ನಿಜ ಹೇಳಿದರೆ ಅಣ್ಣನ ಮನೆಯ ಒಲೆ ಆರುತ್ತದೆ. ಹೇಳದಿದ್ದರೆ ಈ ಮುದುಕಿ ನಾಲಿಗೆ ಹೋಯಿತೆಂದುಕೊಂಡು ಎದ್ದುಹೋಗುತ್ತಾಳೆ. ನಾಲಿಗೆ ಹೋಗುವುದೆಂದರೇನು ಎಂದು ಅಲ್ಲಿ ಅಣ್ಣನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ತಮ್ಮ ಕೆಮ್ಮದೆ ಬುಟ್ಟಿ ಹಿಡಿದುಕೊಂಡು ನಿಂತ.

“ಏನೂ ಬದಲಾಗಿಲ್ಲಮ್ಮಾ,” ಎಂದ ಅಣ್ಣ. “ಅದೇ ಸೂಪು.”

ಅಜ್ಜಿ ತಲೆಯಾಡಿಸಿದರು. “ಹಾಗಾದ್ರೆ ನನ್ನದೇ,” ಎಂದರು. “ಕೇಳಿದ್ದು ಒಳ್ಳೇದಾಯ್ತು. ಸುಮ್ಮನೆ ನಿಮ್ಮ ಮೇಲೆ ಅನುಮಾನಪಟ್ಟೆ, ಏನೂ ಅಂದ್ಕೋಬೇಡಿ.”

“ಮುಂದಿನ ವಾರಾನೂ ಇದೇ ಮೇಜು ಇಟ್ಟಿರ್ತೀವಿ,” ಎಂದರು ಮ್ಯಾನೇಜರು.

“ಬೇಡ, ಬೇರೆ ಯಾರಿಗಾದ್ರೂ ಕೊಡಿ. ನಾನಿನ್ನು ಎಲ್ಲಿ ತಿಂದರೂ ಒಂದೇ ಅಲ್ವಾ,” ಎಂದು ಅಜ್ಜಿ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಅಡುಗೆಮನೆಗೆ ಬಂದ ಮೇಲೆ ಅಣ್ಣ ಸೌಟು ಹಿಡಿದ, ಆದರೆ ತಿರುವಲಿಲ್ಲ. ತಮ್ಮ ಏನಾದರೂ ಸಮಾಧಾನ ಹೇಳಬೇಕೆಂದುಕೊಂಡ. ಹೊಳೆದದ್ದು ಒಂದೇ ಮಾತು.

“ಕೆಲಸ ಉಳೀತಲ್ಲ, ಅಣ್ಣ.”

“ಹೂಂ,” ಎಂದ ಅಣ್ಣ. “ನನ್ನ ಸೂಪಿನ ರುಚಿ ಏನಿತ್ತು ಅಂತ ನನಗೆ ನೆನಪಿಲ್ಲ. ನಿನಗಂತೂ ಮೊದಲಿಂದಲೂ ಗೊತ್ತಿಲ್ಲ. ಅದು ಉಳಿದಿದ್ದದ್ದು ಆ ಒಂದು ನಾಲಿಗೇಲಿ ಕಣೋ. ಅದಕ್ಕೂ ನಾನೇ ಮಣ್ಣು ಹಾಕಿ ಬಂದೆ.”